ಎದುರು ಬಾಗಿಲಿನ ವೈರಿ

ಎಂಜಿನಿಯರಿಂಗ್ ಹುಡುಗರಿಗೂ ಆರ್ಕಿಟೆಕ್ಚರ್ ಹುಡುಗರಿಗೂ ಹೊಡೆದಾಟ. ಯಾಕಪ್ಪಾ ಅಂದರೆ ಯಾರ ಬಳಿಯೂ ನೆಟ್ಟಗೆ ಉತ್ತರವಿಲ್ಲ. ಈ ಜಗಳದಲ್ಲಿ ಬಸ್ ನಿಲ್ದಾಣವೊಂದು ಮುರಿದುಬೀಳುತ್ತದೆ. ಮುರಿದವರೇ ಕಟ್ಟಿಕೊಡಬೇಕು, ಅದೂ ಎರಡೂ ಕಡೆಯವರು ಒಟ್ಟಿಗೆ ಸೇರಿ. ಎಂಜಿನಿಯರಿಂಗ್ ಗುಂಪಿನ ಮುಂದಾಳು ಪ್ಯಾಟ್, ಆರ್ಕಿಟೆಕ್ಚರ್ ಗುಂಪಿನ ಮುಂದಾಳು ಪ್ರಾನ್. ಇಬ್ಬರೂ ಎಲ್ಲರ ಎದುರು ಕೊರಳಪಟ್ಟಿ ಹಿಡಿದು ನಿಲ್ಲುವವರು, ಮರೆಯಲ್ಲಿ ಭೇಟಿಯಾಗಿ ‘ನಿನ್ನ ಕಡೆಯವರನ್ನು ನೀನು ನೋಡಿಕೋ, ನನ್ನ ಕಡೆಯವರನ್ನು ನಾನು ನೋಡಿಕೊಳ್ಳುತ್ತೇನೆ’ ಅಂತ ರಾಜಿ ಮಾಡಿಕೊಳ್ಳುವವರೂ ಅವರೇ.

ಥಾಯ್ಲೆಂಡಿನ ಜಿಎಂಎಂ 25 ವಾಹಿನಿಯಲ್ಲಿ 2021ರ ಅಕ್ಟೋಬರಿನಿಂದ ಶುಕ್ರವಾರಕ್ಕೊಂದು ಕಂತಿನಂತೆ ಬಂದ ‘ಬ್ಯಾಡ್ ಬಡ್ಡಿ’ ಸರಣಿಯ ಕಥೆ ಇದು. ಒಟ್ಟು 12 ಕಂತು. ನವೆಂಬರ್ 19ಕ್ಕೆ ನಾಲ್ಕು ಮುಗಿದವು; ಈ ಮಾತು ಆ ನಾಲ್ಕನ್ನು ನೋಡಿದ ಹೊತ್ತಿನದು. ನಿರ್ಮಾಣ ಸಂಸ್ಥೆ ಜಿಎಂಎಂಟಿವಿ ಒಂದೊಂದು ಕಂತನ್ನೂ ನಾಲ್ಕು ತುಂಡು ಮಾಡಿ, ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಯೂಟ್ಯೂಬಿಗೆ ಬಿಟ್ಟಿತು. ಚಂದಾ ಗಿಂದಾ ಏನೂ ಇರಲಿಲ್ಲ. ಮೊದಲ ಕಂತು ಬಂದದ್ದು ಅಕ್ಟೋಬರ್ 29ರಂದು. ನಟ ಪುನೀತ್ ರಾಜ್‌ಕುಮಾರ್ ತೀರಿಹೋದ ದಿನ. ಅಂದು ಕರ್ನಾಟಕದಲ್ಲಿ ಟಿವಿ ಹಾಕಿದರೆ ಅವರ ಅಂತಿಮ ದರ್ಶನದ ಕಂಠೀರವ ಕ್ರೀಡಾಂಗಣ ಬಿಟ್ಟು ಬೇರೇನೂ ಇರಲಿಲ್ಲ, ಇದ್ದರೂ ನೋಡುವ ಮನಸ್ಸು ಯಾರಿಗಿತ್ತು? ಹಾಗಾಗಿ ನಾನು ಈ ಸರಣಿಯನ್ನು ತಡವಾಗಿ, ನವೆಂಬರಿನ ಬಿಡದ ಮಳೆಯ ದಿನಗಳಲ್ಲಿ ಹಿಡಿದೆ. ಹಿಡಿದ ಮೇಲೆ ಬಿಡಲಿಲ್ಲ.

ಹುಡುಗ ಹುಡುಗನನ್ನು ಪ್ರೀತಿಸುವ ಇಂಥ ಕಥೆಗಳನ್ನು ಬಾಯ್ಸ್ ಲವ್, ಚಿಕ್ಕದಾಗಿ ಬಿಎಲ್ ಅನ್ನುತ್ತಾರೆ. ಇದರ ಬೇರು ಇರುವುದು ಜಪಾನಿನ ಹುಡುಗಿಯರ ಕಾಮಿಕ್ಸ್ ಪತ್ರಿಕೆಗಳಲ್ಲಿ. 1970ರ ದಶಕದಲ್ಲಿ ಮೋತೊ ಹಾಗಿಯೊ, ಕೇಕೊ ತಾಕೆಮಿಯಾ ಮೊದಲಾದ ತರುಣಿಯರು ಯುರೋಪಿನ ವಸತಿಶಾಲೆಗಳ ಚೆಲುವ ಹುಡುಗರ ಪ್ರೇಮಕಥೆಗಳನ್ನು ಬರೆದು ಚಿತ್ರಿಸಿದರು. ಬರೆದವರೂ ಹೆಂಗಸರು, ಮುಗಿಬಿದ್ದು ಓದಿದವರೂ ಹೆಂಗಸರು. ಥಾಯ್ಲೆಂಡ್ ಅದನ್ನು ಟಿವಿಗೆ ತಂದು ದೊಡ್ಡ ಉದ್ಯಮ ಮಾಡಿತು: 2014ರಲ್ಲಿ ‘ಲವ್ ಸಿಕ್’, 2016ರಲ್ಲಿ ‘ಸೋಟಸ್’, 2020ರ ಲಾಕ್‌ಡೌನಿನಲ್ಲಿ ಏಷ್ಯಾದ ತುಂಬ ಹುಚ್ಚು ಹಿಡಿಸಿದ ‘ಟುಗೆದರ್’. ‘ಸೋಟಸ್’ ಗೆದ್ದದ್ದೇ ತಡ, ನಾಯಕರೆಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಆಗಿಬಿಟ್ಟರು. ಮಕ್ಕಳನ್ನು ಎಂಜಿನಿಯರಿಂಗಿಗೆ ದೂಡುವ ಚಾಳಿ ನಮ್ಮದೊಂದೇ ಅಂದುಕೊಂಡಿದ್ದವರಿಗೆ ಇದರಿಂದ ಸ್ವಲ್ಪ ಸಮಾಧಾನವಾಗಬಹುದು. ಪಾಠ ಕೇಳುವ ದೃಶ್ಯ ಮಾತ್ರ ಅಪರೂಪ.

‘ಬ್ಯಾಡ್ ಬಡ್ಡಿ’ಯ ನಿರ್ದೇಶಕ ನೊಪ್ಪರ್ನಾಚ್ ಚೈವಿಮೊನ್, ಅಭಿಮಾನಿಗಳ ಬಾಯಲ್ಲಿ ‘ಆಫ್’. ಸತ್ತ ಹುಡುಗನ ದೆವ್ವಕ್ಕೂ ಬದುಕಿರುವ ಹುಡುಗನಿಗೂ ಪ್ರೀತಿ ಬೆಳೆಯುವ ‘ಹೀಸ್ ಕಮಿಂಗ್ ಟು ಮಿ’ಯನ್ನು 2019ರಲ್ಲಿ ಮಾಡಿದವರು. 2021ರ ಆರಂಭದಲ್ಲಿ ಬಂದ, ಬೆಟ್ಟದ ಹಳ್ಳಿಗೆ ಪಾಠ ಹೇಳಲು ಹೋದ ಹುಡುಗನ ಕಥೆ ‘ಎ ಟೇಲ್ ಆಫ್ ಥೌಸಂಡ್ ಸ್ಟಾರ್ಸ್’ ಕೂಡ ಅವರದೇ. ಅವೆರಡರಲ್ಲೂ ಒಂದು ನಿಧಾನವಿತ್ತು, ಸಾವಿನ ನೆರಳಿತ್ತು. ಇಲ್ಲಿ ಅದೇ ಮನುಷ್ಯ ಹಾಸ್ಯಕ್ಕೆ ಇಳಿದಿದ್ದಾರೆ. ಕಥೆಯ ಮೂಲ ಒಂದು ಕಾದಂಬರಿ, ಆದರೆ ಕಟ್ಟಿದ ರೀತಿಯಲ್ಲಿ ನಿರ್ದೇಶಕರ ಕೈ ಎದ್ದು ಕಾಣುತ್ತದೆ.

ಕಥೆಯ ಗಂಟು ಇರುವುದು ಕಾಲೇಜಿನಲ್ಲಲ್ಲ, ಮನೆಯಲ್ಲಿ. ಪ್ಯಾಟ್ ಮತ್ತು ಪ್ರಾನ್ ಅಕ್ಕಪಕ್ಕದ ಮನೆಯವರು. ಎರಡೂ ಮನೆಗಳಿಗೆ ವ್ಯಾಪಾರದಲ್ಲಿ ಪೈಪೋಟಿ, ಅದಕ್ಕೂ ಹಿಂದಿನ ಯಾವುದೋ ಹಗೆ. ಹುಟ್ಟಿದಾಗಿನಿಂದ ಮಕ್ಕಳನ್ನು ತಕ್ಕಡಿಗೆ ಹಾಕಿ ತೂಗಿದ್ದೇ ತೂಗಿದ್ದು: ಅವರ ಮಗನಿಗೆಷ್ಟು ಅಂಕ, ನಮ್ಮವನಿಗೆಷ್ಟು? ಮಕ್ಕಳು ಮಾತ್ರ ಕಿಟಕಿ ಎದುರುಬದುರಾಗಿದ್ದ ಕಾರಣಕ್ಕೋ ಏನೋ, ಒಳಗೊಳಗೇ ಒಬ್ಬರಿಗೊಬ್ಬರು ಅಂಟಿಕೊಂಡೇ ಬೆಳೆದಿದ್ದಾರೆ. ಪ್ಯಾಟ್‌ನ ತಂಗಿ ಪಾ ಚಿಕ್ಕವಳಿದ್ದಾಗ ನೀರಿಗೆ ಬಿದ್ದಿದ್ದಳು; ಹಿಡಿದೆತ್ತಿದವನು ಪ್ರಾನ್. ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬ್ಯಾಂಡಿನಲ್ಲಿ ಬಾರಿಸಿದರು. ಅದು ಪ್ರಾನ್‌ನ ತಾಯಿಗೆ ಗೊತ್ತಾದದ್ದೇ, ಮಗನನ್ನು ಎತ್ತಿ ದೂರದ ವಸತಿಶಾಲೆಗೆ ಹಾಕಿದರು. ಈಗ ಕಾಲೇಜಿನಲ್ಲಿ ಮತ್ತೆ ಮುಖಾಮುಖಿ. ಸಾಲದೆಂಬಂತೆ ಬಾಡಿಗೆಗಿರುವ ಕಟ್ಟಡದಲ್ಲೂ ಎದುರುಬದುರು ಬಾಗಿಲು.

ನನಗೆ ಇದರಲ್ಲಿ ತುಂಬ ಹಿಡಿಸಿದ ವಿಷಯ ಒಂದಿದೆ. ಬೇರೆ ಬಿಎಲ್ ಕಥೆಗಳಲ್ಲಿ ಹುಡುಗರು ಮುಚ್ಚಿಡುವುದು ಪ್ರೀತಿಯನ್ನು. ‘ನಾನೂ ಗಂಡು, ಅವನೂ ಗಂಡು, ಜನ ಏನಂದಾರು’ ಎಂಬ ಕೊರಗಿನಲ್ಲೇ ಅರ್ಧ ಕಥೆ ಸವೆಯುತ್ತದೆ. ಇಲ್ಲಿ ನಾಲ್ಕು ಕಂತು ಕಳೆದರೂ ಅವರು ಮುಚ್ಚಿಡುತ್ತಿರುವುದು ಬರೀ ಸ್ನೇಹವನ್ನು. ಒಟ್ಟಿಗೆ ಕೂತು ಊಟ ಮಾಡಿದರೂ ಅಪರಾಧ, ನಕ್ಕರೂ ಅಪರಾಧ. ಎದುರು ಬಾಗಿಲು ತಟ್ಟುವ ಮುಂಚೆ ಆ ಕಡೆ ಈ ಕಡೆ ನೋಡಬೇಕು. ಗೆಳೆಯರು ಬಂದರೆ ಸಾಕು, ಮುಖ ಸಿಂಡರಿಸಿ ಬೈಗುಳ ಶುರು ಮಾಡಬೇಕು. ಕಳ್ಳತನದಲ್ಲಿ ಇಬ್ಬರೂ ಬಾಲ್ಯದಿಂದಲೇ ಪಳಗಿದ್ದಾರೆ. ಆದ್ದರಿಂದ ನಾಳೆ ಪ್ರೀತಿ ಅಂತ ಗೊತ್ತಾದಾಗ (ಗೊತ್ತಾಗಿಯೇ ಆಗುತ್ತದೆ, ಅದಕ್ಕೇ ತಾನೇ ನಾವು ನೋಡುತ್ತಿರುವುದು) ಅದನ್ನು ಬಚ್ಚಿಡಲು ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ. ಎರಡು ಮನೆಗಳ ವೈರದ ನಡುವೆ ಪ್ರೀತಿ ಅಂದರೆ ಜಗತ್ತಿನ ಅತಿ ಹಳೆಯ ಸರಕು. ನಮ್ಮ ಸಿನಿಮಾಗಳೂ ಅದನ್ನು ಬೇಕಾದಷ್ಟು ಮಾರಿವೆ. ಆ ಹಳೇ ಅಂಗಿಯನ್ನು ಈ ಇಬ್ಬರು ಹುಡುಗರಿಗೆ ತೊಡಿಸಿದಾಗ ಎಲ್ಲೂ ಬಿಗಿಯಾಗದೆ, ಸಡಿಲವಾಗದೆ ಕೂತುಬಿಟ್ಟಿದೆ.

ನಟರ ಬಗ್ಗೆ ಹೇಳಲೇಬೇಕು. ಪ್ಯಾಟ್ ಆಗಿರುವ ಓಮ್ ಪವತ್ ಮನೆ ತುಂಬ ಓಡಾಡುವ ದೊಡ್ಡ ನಾಯಿಮರಿಯ ಹಾಗೆ: ಕರೆಯದಿದ್ದರೂ ಬರುತ್ತಾನೆ, ಕೂತಲ್ಲಿ ಗಲೀಜು ಮಾಡುತ್ತಾನೆ, ಬೈದರೆ ಹಲ್ಲು ಕಿರಿಯುತ್ತಾನೆ. ತಾನೇಕೆ ಪದೇ ಪದೇ ಆ ಕೋಣೆಗೆ ಹೋಗುತ್ತಿದ್ದೇನೆ ಎಂಬ ಪ್ರಶ್ನೆ ಅವನ ತಲೆಗೆ ಇನ್ನೂ ಹೊಳೆದಿಲ್ಲ. ಪ್ರಾನ್‌ಗೆ ಎಲ್ಲ ಗೊತ್ತು, ಬಹಳ ಹಿಂದೆಯೇ ಗೊತ್ತು. ಆ ಪಾತ್ರ ಮಾಡಿರುವ ನಾನೊನ್ ಕೊರಪತ್ ‘ದಿ ಗಿಫ್ಟೆಡ್’ ಸರಣಿ ನೋಡಿದವರಿಗೆ ಹೊಸಬರಲ್ಲ. ಪ್ರಾನ್ ಅಚ್ಚುಕಟ್ಟಿನವನು, ಕೋಣೆಯೂ ಅಚ್ಚುಕಟ್ಟು, ಮಾತೂ ಅಚ್ಚುಕಟ್ಟು, ಮುಖವನ್ನೂ ಇಸ್ತ್ರಿ ಹೊಡೆದಂತೆ ಇಟ್ಟುಕೊಳ್ಳಲು ನೋಡುತ್ತಾನೆ. ಆದರೆ ನಾನೊನ್‌ರ ಕೆನ್ನೆಯಲ್ಲಿ ಆಳವಾದ ಗುಳಿಗಳಿವೆ. ಪ್ಯಾಟ್ ಏನೋ ತರಲೆ ಆಡುತ್ತಾನೆ. ಪ್ರಾನ್ ತುಟಿ ಬಿಗಿಹಿಡಿದು, ಮುಖ ತಿರುಗಿಸಿ, ಕಣ್ಣಲ್ಲಿ ಸಿಡುಕು ತಂದುಕೊಳ್ಳುತ್ತಾನೆ. ಅಷ್ಟರಲ್ಲಿ ಗುಳಿ ಬಿದ್ದುಬಿಟ್ಟಿರುತ್ತದೆ. ತುಟಿ ಕೊಟ್ಟ ಮಾತನ್ನು ಕೆನ್ನೆ ನಡೆಸುವುದಿಲ್ಲ. ಕ್ಯಾಮೆರಾ ಆ ಕಡೆಯೇ ನಿಂತಿರುವುದರಿಂದ ನಮಗೆ ಕಾಣುತ್ತದೆ, ಪ್ಯಾಟ್‌ಗೆ ಕಾಣುವುದಿಲ್ಲ. ಶಾಲೆಯ ಗೆಳತಿ ಇಂಕ್ ಬಂದ ಮೇಲಂತೂ ಈ ಆಟ ನೋಡುವವರಿಗೆ ಸಂಕಟ ತರುತ್ತದೆ. ಪ್ಯಾಟ್‌ಗೆ ಅವಳ ಮೇಲೆ ಮನಸ್ಸಿದೆಯೇನೋ ಎಂಬ ಗುಮಾನಿ ಎಲ್ಲರಿಗೂ, ಅವನಿಗೂ. ಆಗ ಪ್ರಾನ್ ಸುಮ್ಮನೆ ನಿಂತಿರುತ್ತಾನೆ. ಗುಳಿಯೂ ಇಲ್ಲ, ಸಿಡುಕೂ ಇಲ್ಲ. ಇಂಥ ಕಡೆ ಹಿನ್ನೆಲೆ ಸಂಗೀತ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದಿತ್ತು.

ಇನ್ನೊಂದು ಸಂಗತಿ ಮೆಚ್ಚಬೇಕಾದದ್ದು. ಬಿಎಲ್‌ನಲ್ಲಿ ಒಬ್ಬ ಗಟ್ಟಿಗ, ಇನ್ನೊಬ್ಬ ನಾಜೂಕಿನವ ಎಂಬ ಹಂಚಿಕೆ ಹಳೆಯದು; ಗಂಡ ಹೆಂಡತಿಯ ಪಾತ್ರವನ್ನೇ ಇಬ್ಬರು ಹುಡುಗರಿಗೆ ಹಂಚಿದಂತೆ. ಇಲ್ಲಿ ಇಬ್ಬರೂ ಸರಿಸಮ. ಏಟಿಗೆ ಏಟು, ಮಾತಿಗೆ ಮಾತು. ಯಾರು ಯಾರನ್ನು ಕಾಪಾಡಬೇಕು ಎಂಬುದು ಆಯಾ ಸಂದರ್ಭಕ್ಕೆ ಬಿಟ್ಟದ್ದು. ಹುಡುಗಿಯರನ್ನೂ ಕಾಟ ಕೊಡುವ ಖಳನಾಯಕಿಯರನ್ನಾಗಿ ಮಾಡಿಲ್ಲ. ಇಂಕ್ ಒಳ್ಳೆಯವಳು, ಪಾ ಅಣ್ಣನಿಗಿಂತ ಚುರುಕು.

ಕುಂದುಗಳಿಲ್ಲವೇ? ಇವೆ. ಹೊಡೆದಾಟಗಳು ಅತಿಯಾದವು, ಅವುಗಳ ನೋವು ಮುಂದಿನ ದೃಶ್ಯದ ಹೊತ್ತಿಗೆ ಮಾಯ. ತಮಾಷೆ ಅಂತ ತೋರಿಸಲು ‘ಟೊಂಯ್’ ಎಂಬ ಸದ್ದು ಬೇಕೇ ಬೇಕೆಂದು ಯಾರು ಹೇಳಿಕೊಟ್ಟರೋ. ಥಾಯ್ ಸರಣಿಗಳ ವಾಡಿಕೆಯಂತೆ ಪ್ರಾಯೋಜಕರ ಪೊಟ್ಟಣಗಳು ಯಾರ ಕೈಯಲ್ಲೋ ಪ್ರತ್ಯಕ್ಷವಾಗುತ್ತವೆ, ಹೆಸರು ಕ್ಯಾಮೆರಾ ಕಡೆಗೇ ಇರುತ್ತದೆ. ಗೆಳೆಯರ ಗುಂಪಿನಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಉಳಿದವರನ್ನು ಅದಲು ಬದಲು ಮಾಡಿದರೂ ಗೊತ್ತಾಗುವುದಿಲ್ಲ.

ಇದಕ್ಕಿಂತ ದೊಡ್ಡ ಆಕ್ಷೇಪವೊಂದನ್ನು ಯಾರಾದರೂ ಎತ್ತಬಹುದು. ಅಡ್ಡಿಯನ್ನೆಲ್ಲ ಅಪ್ಪ ಅಮ್ಮಂದಿರ ಜಗಳದ ತಲೆಗೆ ಕಟ್ಟಿದರೆ, ಹುಡುಗ ಹುಡುಗನನ್ನು ಪ್ರೀತಿಸುವುದಕ್ಕೆ ಲೋಕ ಒಡ್ಡುವ ನಿಜವಾದ ಅಡ್ಡಿಯಿಂದ ಜಾರಿಕೊಂಡಂತೆ ಅಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ನಾಲ್ಕನೆಯ ಕಂತಿಗೆ ಎರಡು ದಿನ ಮೊದಲು, 2021ರ ನವೆಂಬರ್ 17ರಂದು, ಥಾಯ್ಲೆಂಡಿನ ಸಾಂವಿಧಾನಿಕ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಮದುವೆ ಅಂದರೆ ಗಂಡು ಹೆಣ್ಣಿನದು ಎನ್ನುತ್ತಿದ್ದ ಅಲ್ಲಿನ ನಾಗರಿಕ ಸಂಹಿತೆಯ 1448ನೆಯ ಕಲಮು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಹುಡುಗರ ಪ್ರೇಮಕಥೆಯನ್ನು ಊರೂರಿಗೆ ರಫ್ತು ಮಾಡುವ ದೇಶದಲ್ಲಿ, ಆ ಕಥೆಯ ಹುಡುಗರಿಗೆ ಮದುವೆಯ ನೋಂದಣಿ ಕಚೇರಿಯಲ್ಲಿ ಆಗ ಜಾಗವಿರಲಿಲ್ಲ. ಕಥೆಯೊಳಗೆ ಈ ಲೋಕದ ಸುಳಿವೇ ಇಲ್ಲ.

ಆದರೂ ನಾನು ನಿರ್ದೇಶಕರ ಪಕ್ಷ. ಹೀಗೆ ಪ್ರೀತಿಸುವವರ ಕಥೆ ಅಂದರೆ ಕಣ್ಣೀರು, ಅವಮಾನ, ಕೊನೆಗೆ ಯಾರಾದರೂ ಸಾಯುವುದು ಎಂಬ ಕಾಲ ಬಹಳ ಇತ್ತು. ಅದೂ ಬೇಕು, ಕನ್ನಡದಲ್ಲಿ 2013ರಲ್ಲಿ ಬಂದ ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ ಆ ನೋವನ್ನು ನಮ್ಮ ಊರು, ನಮ್ಮ ಮನೆಯೊಳಗೇ ತಂದಿಟ್ಟು ತೋರಿಸದಿದ್ದರೆ ನಮ್ಮಲ್ಲಿ ಅನೇಕರು ಇಂದಿಗೂ ಅದು ಯಾರದೋ ವಿಷಯ ಅಂದುಕೊಂಡಿರುತ್ತಿದ್ದರು. ಆದರೆ ಪ್ಯಾಟ್, ಪ್ರಾನ್‌ರಂಥ ಹುಡುಗರಿಗೂ ಒಂದು ಪೆದ್ದು ಪೆದ್ದಾದ, ನಗು ಬರಿಸುವ ಪ್ರೇಮಕಥೆ ಬೇಡವೇ? ಉಳಿದವರಿಗೆಲ್ಲ ವರ್ಷಕ್ಕೆ ನೂರು ಬರುತ್ತವೆ. ಇಂಥ ಪ್ರೀತಿಯನ್ನು ಅಪರಾಧ ಎನ್ನುತ್ತಿದ್ದ 377ನೆಯ ಕಲಮಿನ ಹಲ್ಲು ನಮ್ಮ ದೇಶದಲ್ಲಿ ಕಿತ್ತದ್ದು 2018ರ ಸೆಪ್ಟೆಂಬರಿನಲ್ಲಿ. ಮೂರು ವರ್ಷ ಕಳೆದ ಮೇಲೆ, 2021ರ ಅಕ್ಟೋಬರಿನಲ್ಲಿ, ಇಬ್ಬರು ಹೆಂಗಸರು ಜೋಡಿಯಾಗಿ ಕರ್ವಾ ಚೌತ್ ಆಚರಿಸುವ ಫೆಮ್ ಕ್ರೀಮಿನ ಜಾಹೀರಾತನ್ನು ಡಾಬರ್ ಕಂಪನಿ ಕ್ಷಮೆ ಕೇಳಿ ಹಿಂದೆಗೆದುಕೊಂಡಿತು. ಒಂದು ಜಾಹೀರಾತಿನಷ್ಟು ಹೊತ್ತಿನ ನಗುವನ್ನೂ ಸಹಿಸಲು ನಮ್ಮವರಿಗೆ ಆಗಲಿಲ್ಲ. ಚೀನಾದಲ್ಲಂತೂ ಇಂಥ ಕಾದಂಬರಿಗಳಿಂದ ಮಾಡಿದ ಸರಣಿಗಳ ಮೇಲೆ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ ಕೆಂಗಣ್ಣು ಬಿಟ್ಟಿತು. 2019ರಲ್ಲಿ ಅಲ್ಲಿನ ಸರಣಿ ‘ದಿ ಅನ್‌ಟೇಮ್ಡ್’ ಪ್ರೀತಿಯನ್ನು ಬರೀ ನೋಟದಲ್ಲೇ ಹೇಳಿ ಪಾರಾಗಿತ್ತು, ಇನ್ನು ನೋಟಕ್ಕೂ ಕಷ್ಟ.

ಇಂಥ ಹೊತ್ತಿನಲ್ಲಿ ಶುಕ್ರವಾರ ಯಾವಾಗ ಬರುತ್ತದೋ ಅಂತ ಕಾಯುವುದೇ ಒಂದು ಸುಖ. ಎಲ್ಲ ಕಂತುಗಳನ್ನೂ ಒಂದೇ ರಾತ್ರಿ ಸುರಿದುಬಿಡುವ ಒಟಿಟಿ ಕಾಲದಲ್ಲಿ, ವಾರಪೂರ್ತಿ ‘ಅವನು ಹಾಗೆ ನೋಡಿದ್ದು ಯಾಕೆ’ ಅಂತ ಜಗಿಯಲು ಏನಾದರೂ ಸಿಗುವುದು ಕಡಿಮೆಯಾಗಿದೆ. ನಮ್ಮ ಧಾರಾವಾಹಿಗಳಲ್ಲಿ ಅದು ದಿನಾ ಸಿಗುತ್ತದೆ, ಆದರೆ ಸಾವಿರ ಕಂತಿಗೆ ಹಂಚಿ ನೀರಾಗಿರುತ್ತದೆ. ಹನ್ನೆರಡು ಒಳ್ಳೆಯ ಲೆಕ್ಕ.

ಮುಂದಿನ ಎಂಟರ ಬಗ್ಗೆ ನನಗೆ ಎರಡು ಅಂಜಿಕೆ. ಥಾಯ್ ಬಿಎಲ್‌ಗಳಿಗೆ ಹನ್ನೊಂದನೆಯ ಕಂತಿನ ಕಾಯಿಲೆ ಇದೆ: ಎಲ್ಲ ಸರಿಹೋಯಿತು ಅನ್ನುವಾಗ ಕಾರಣವಿಲ್ಲದೆ ಜೋಡಿಯನ್ನು ಅಗಲಿಸಿ, ಹನ್ನೆರಡರಲ್ಲಿ ಅವಸರವಸರವಾಗಿ ಕೂಡಿಸುತ್ತಾರೆ. ಇಲ್ಲಿ ಅಗಲಿಸಲು ಮನೆಯ ವೈರ ಎಂಬ ಗಟ್ಟಿ ಕಾರಣ ಮೊದಲೇ ಇರುವುದರಿಂದ ಹೊಸ ನೆಪ ಹುಡುಕದಿದ್ದರೆ ಸಾಕು. ಎರಡನೆಯದು ಪ್ರಾನ್‌ನ ತಾಯಿ. ಮಗ ಪಕ್ಕದ ಮನೆಯ ಹುಡುಗನ ಜೊತೆ ಗಿಟಾರ್ ಬಾರಿಸಿದನೆಂದು ಊರು ಬಿಡಿಸಿದ ಹೆಂಗಸು ಬರೀ ಹಟಮಾರಿ ಆಗಿರಲಾರಳು. ಪಕ್ಕದ ಮನೆಯ ಯಜಮಾನನ ಹೆಸರೆತ್ತಿದರೆ ಅವಳ ಮುಖ ಗಟ್ಟಿಯಾಗುವುದರ ಹಿಂದೆ ವ್ಯಾಪಾರದ ಲೆಕ್ಕಕ್ಕಿಂತ ಹಳೆಯದೇನೋ ಇದೆ. ಇದುವರೆಗೆ ಅವಳಿಗೆ ಕೊಟ್ಟಿರುವುದು ಬಾಗಿಲಲ್ಲಿ ನಿಂತು ಗದರುವ ಕೆಲಸ ಮಾತ್ರ. ಆಫ್ ಅವಳನ್ನು ಒಂದು ಸಲವಾದರೂ ಕೂರಿಸಿ ಪೂರ್ತಿ ಮಾತಾಡಿಸಬೇಕು. ಹುಡುಗರ ಮುತ್ತು ಒಂದು ವಾರ ತಡವಾದರೂ ನಾನು ದೂರುವುದಿಲ್ಲ.