ಭಾನುವಾರದ ಕೃಷ್ಣಾಷ್ಟಮಿ

ಕೃಷ್ಣಾಷ್ಟಮಿಯನ್ನು ಸಮೀಪದ ಭಾನುವಾರ ಆಚರಿಸಿದರೆ ದೋಷವೇನು ಎಂದು ಮುಂಬಯಿಯ ಆಸ್ತಿಕ ಬಂಧುಗಳು ನಮ್ಮನ್ನು ಆಗಾಗ್ಗೆ ಕೇಳುವುದುಂಟು. ಹಿಂದೆ ನಾವು ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರವಿತ್ತು ಮುಗಿಸುತ್ತಿದ್ದೆವು. ಈಗ ಅದು ಅಷ್ಟು ಸುಲಭವೆನಿಸುವುದಿಲ್ಲ.

ಕಾಲವು ಕರ್ಮಕ್ಕೆ ಅಂಗ. ಶ್ರೀಮದಾಚಾರ್ಯರು ಈ ಒಂದು ವ್ರತಕ್ಕಾಗಿಯೇ ‘ಜಯಂತೀನಿರ್ಣಯ’ವನ್ನು ರಚಿಸಿರುವುದರಿಂದಲೇ ಇಲ್ಲಿ ಕಾಲಕ್ಕೆ ಇರುವ ಗೌರವ ತಿಳಿಯುತ್ತದೆ. ದೇಶಭೇದವನ್ನು ಶಾಸ್ತ್ರವು ಅಲ್ಲಗಳೆಯುವುದಿಲ್ಲ. ಸೂರ್ಯೋದಯ, ಚಂದ್ರೋದಯಗಳನ್ನು ನಾವಿರುವ ಊರಿಗೇ ಗಣಿಸಬೇಕು. ರೈಲ್ವೆಯಲ್ಲಿ ಗಡಿಯಾರ ನೋಡಿಯೇ ಮೂರು ದಶಕ ಕಳೆದ ನಮಗೆ ಇದು ಚೆನ್ನಾಗಿ ಗೊತ್ತು. ನಮ್ಮ ಗಡಿಯಾರಗಳು ಹೇಳುವುದು 82½ ಡಿಗ್ರಿ ರೇಖಾಂಶದ ಕಾಲವನ್ನು. ಅದಕ್ಕೆ ಬಹುದೂರ ಪಶ್ಚಿಮದಲ್ಲಿರುವ ಮುಂಬಯಿಗೆ ನಿಜವಾದ ನಡುರಾತ್ರಿ ಬರುವುದು 12-40ರ ಸುಮಾರಿಗೆ, ಚೆನ್ನೈಗೆ 12-10ರ ಸುಮಾರಿಗೆ. 1955ರವರೆಗೂ ಮುಂಬಯಿಯಲ್ಲಿ ಪ್ರತ್ಯೇಕ ‘ಬಾಂಬೆ ಟೈಮ್’ ಬಳಕೆಯಲ್ಲಿದ್ದಿತು. ಗಡಿಯಾರ ಹನ್ನೆರಡು ಬಾರಿಸಿದೊಡನೆ ಶಂಖ ಊದುವವರು ಇದನ್ನು ಗಮನಿಸಬೇಕು. ಒಂದೇ ಕಟ್ಟಡದಲ್ಲಿ ಉಡುಪಿ ಕಡೆಯವರು ಸೌರಮಾನದ ಸಿಂಹಮಾಸವನ್ನೂ ಧಾರವಾಡದ ಕಡೆಯವರು ಚಾಂದ್ರಮಾನದ ಶ್ರಾವಣವನ್ನೂ ಹಿಡಿದು, ಕೆಲವು ವರ್ಷ ಒಂದು ತಿಂಗಳ ಅಂತರದಲ್ಲಿ ಹಬ್ಬ ಮಾಡುವುದೂ ಸಂಪ್ರದಾಯಸಮ್ಮತವೇ. ಆದರೆ ಭಾನುವಾರವು ದೇಶವೂ ಅಲ್ಲ, ಸಂಪ್ರದಾಯವೂ ಅಲ್ಲ; ಅದು ಕಚೇರಿಯ ರಜೆ.

ಕೆಲವು ವರ್ಷಗಳ ಹಿಂದೆ ನಮ್ಮ ಉಪನಗರದ ಬಂಧುಗಳು ಗುರುವಾರದ ಅಷ್ಟಮಿಯನ್ನು ಭಾನುವಾರಕ್ಕೆ ಇಟ್ಟುಕೊಂಡರು. ಎಷ್ಟು ಎಲೆ ಹಾಕಬೇಕೆಂಬ ಲೆಕ್ಕವೂ ಆದ ಮೇಲೆ ಯಾರೋ ಪಂಚಾಂಗ ತೆರೆದರು. ಅಂದು ಏಕಾದಶಿ! ಕೊನೆಗೆ ಉತ್ಸವವು ಹಿಂದಿನ ಭಾನುವಾರಕ್ಕೆ ಸರಿಯಿತು. ತೊಟ್ಟಿಲು ತೂಗುತ್ತಿದ್ದಾಗ ಏಳು ವರ್ಷದ ಹುಡುಗಿಯೊಬ್ಬಳು, “ಅಜ್ಜಾ, ಕೃಷ್ಣ ಹುಟ್ಟೋದು ಗುರುವಾರ ಅಲ್ವಾ?” ಎಂದು ಕೇಳಿದಳು. ನಾವು ಗೆದ್ದವರಂತೆ ಸುತ್ತ ನೋಡಿದೆವು.

ಅಲ್ಲಿಯೇ ಇದ್ದ ಆಕೆಯ ತಾಯಿ ಹೇಳಿದ ಮಾತು ಬೇರೆ. “ರಾಯರೇ, ಉಪವಾಸವಿದ್ದು, ಫೋರ್ಟಿನ ಕಚೇರಿಯಿಂದ ಡೊಂಬಿವಲಿಯವರೆಗೆ ಲೋಕಲಿನಲ್ಲಿ ನಿಂತು ಬಂದು, ಎಂಟು ಗಂಟೆಗೆ ಚಕ್ಕುಲಿಗೆ ಎಣ್ಣೆಯಿಡುವವಳು ನಾನು. ಮರುದಿನ ಪಾರಣೆಯ ಅಡಿಗೆ ಮುಗಿಸಿ ಮತ್ತೆ ಗಾಡಿ ಹಿಡಿಯುವವಳೂ ನಾನೇ. ತಿಥಿ ತಪ್ಪಬಾರದು ಎನ್ನುವವರು ನೀವು.”

ನಮ್ಮಲ್ಲಿ ಉತ್ತರವಿರಲಿಲ್ಲ. ಸೇವೆಯಲ್ಲಿದ್ದಾಗ ಅದೆಷ್ಟೋ ಅಷ್ಟಮಿಗಳ ರಾತ್ರಿ ನಾವು ಕಂಟ್ರೋಲ್ ಆಫೀಸಿನಲ್ಲಿದ್ದೆವು. ‘ನಮ್ಮ ಮನೆಯಲ್ಲಿ ಒಂದು ವರ್ಷವೂ ವ್ರತ ತಪ್ಪಿಲ್ಲ’ ಎಂದು ಹೇಳಿಕೊಂಡೂ ತಿರುಗಿದೆವು. ತಪ್ಪದಂತೆ ನೋಡಿಕೊಂಡವರು, ಹಸಿದ ಹೊಟ್ಟೆಯಲ್ಲಿ ಒಲೆಯ ಮುಂದೆ ನಿಂತ ನಮ್ಮ ಮನೆಯವರು. ಪರರ ಶ್ರಮದಿಂದ ನಡೆದ ನಿಷ್ಠೆಯನ್ನು ನಮ್ಮದೆಂದು ಎಣಿಸಿಕೊಳ್ಳುವುದು ಯಾವ ಧರ್ಮ?

ಮುಖ್ಯಕಲ್ಪವನ್ನು ನಡೆಸಲು ಶಕ್ತನಾದವನು ಅನುಕಲ್ಪವನ್ನು ಹಿಡಿದರೆ ಫಲವಿಲ್ಲವೆಂದು ಮನುಸ್ಮೃತಿ ಹೇಳುತ್ತದೆ. ಈ ಮಾತನ್ನು ನಾವು ಬಹುಕಾಲ ಭಾನುವಾರದವರ ಮೇಲೆ ಪ್ರಯೋಗಿಸಿದ್ದೆವು. ಆದರೆ ನಗರದ ಮನೆಗಳಲ್ಲಿ ಶಕ್ತರು ಯಾರು? ಬಹುಮಟ್ಟಿಗೆ ನಮ್ಮಂಥ ನಿವೃತ್ತ ಗಂಡಸರೇ. ಉಪವಾಸ, ಪೂಜೆ, ಅರ್ಘ್ಯಗಳು ವ್ರತದ ಅಂಗಗಳು, ಭಕ್ಷ್ಯಗಳ ಸಂಖ್ಯೆಯಲ್ಲ. ಅವು ಅಷ್ಟಮಿಯಂದೇ ನಡೆಯಬೇಕು, ಅವುಗಳ ಭಾರವನ್ನು ಶಕ್ತರೇ ಹೊರಬೇಕು. ಮಕ್ಕಳ ವೇಷ, ಭಜನೆ, ಸಹಭೋಜನಗಳು (ಏಕಾದಶಿಯೊಂದನ್ನು ತಪ್ಪಿಸಿ) ಭಾನುವಾರ ಅಗತ್ಯವಾಗಿ ನಡೆಯಲಿ. ಅದಕ್ಕೆ ಕೃಷ್ಣಾಷ್ಟಮಿಯೆಂಬ ಹೆಸರು ಮಾತ್ರ ಬೇಡ. ಆ ಹುಡುಗಿಗೆ ಸುಳ್ಳು ಹೇಳಿದಂತಾಗುತ್ತದೆ.

ಕಳೆದ ಎರಡು ವರ್ಷಗಳಿಂದ ನಮ್ಮ ಮನೆಯಲ್ಲಿ ನೈವೇದ್ಯಕ್ಕೆ ಹಾಲು, ಬೆಣ್ಣೆ, ಹಣ್ಣು, ಚಕ್ಕುಲಿ ಭಾನುವಾರಕ್ಕೆ. ಪೂಜೆಯ ಸಿದ್ಧತೆಯೂ, ಆಮೇಲೆ ಪಾತ್ರೆ ತೊಳೆಯುವುದೂ ನಮ್ಮ ಪಾಲಿಗೆ ಬಂದಿವೆ. ಕಳೆದ ಸಲ ಮಳೆಮೋಡದಲ್ಲಿ ಚಂದ್ರನು ಕಾಣಲಿಲ್ಲ. ಪಂಚಾಂಗದ ಲೆಕ್ಕದ ವೇಳೆಗೆ ಬಾಲ್ಕನಿಯಲ್ಲಿ ನಿಂತು ಅರ್ಘ್ಯವಿತ್ತೆವು. ನಮ್ಮ ಮನೆಯವರು ಪಕ್ಕದಲ್ಲಿ ನಿಂತಿದ್ದರು. ನಿವೃತ್ತಿಯ ನಂತರದ ವರ್ಷಗಳಲ್ಲಿಯೂ ಆ ವೇಳೆಗೆ ಅವರು ಅಡಿಗೆಮನೆಯಲ್ಲಿಯೇ ಇರುತ್ತಿದ್ದರೆಂಬುದು ನಮಗೆ ಆಗ ನೆನಪಾಯಿತು.