ಮುಟ್ಟದೆ ಅರಿಯುವ ಸಂಕಟ

2021ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಬಳಿ ಚಿರತೆ ಕಾಣಿಸಿಕೊಂಡಿತು. ಅದೇ ತಿಂಗಳು ಧಾರವಾಡ ತಾಲ್ಲೂಕಿನ ಕವಲಗೇರಿಯಲ್ಲಿ ಚಿರತೆಯೊಂದು ಬೋನಿಗೆ ಬಿತ್ತು. ಎರಡೂ ಒಂದೇ ಪ್ರಾಣಿಯೇ ಎಂದು ತಿಳಿಯಲು ಅರಣ್ಯ ಇಲಾಖೆ ಹಿಕ್ಕೆಯ ಡಿಎನ್‌ಎ ಪರೀಕ್ಷೆಯ ಮೊರೆಹೋಯಿತು. ಹಿಕ್ಕೆ ಗುರುತನ್ನಷ್ಟೇ ಅಲ್ಲ, ಆ ಜೀವ ಎಷ್ಟು ಬೆದರಿತ್ತು, ಎಷ್ಟು ಬಳಲಿತ್ತು ಎಂಬುದರ ಸುಳಿವನ್ನೂ ಕೊಡಬಲ್ಲದು. ಹಾಗಾದರೆ ಮೂಕಪ್ರಾಣಿಯ ಸಂಕಟವನ್ನು, ಅದಕ್ಕೆ ಇನ್ನಷ್ಟು ಸಂಕಟ ಕೊಡದೆ ಅರಿಯಬಹುದೇ?

ಆನೆಯನ್ನೇ ನೋಡೋಣ. ಪರೀಕ್ಷೆಗೆ ರಕ್ತ ಬೇಕೆಂದರೆ ಕಾಡಾನೆಗೆ ಅರಿವಳಿಕೆ ಚುಚ್ಚಬೇಕು. ಆ ಗಾಬರಿಗೇ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿಬಿಡುತ್ತದೆ. ಲದ್ದಿಗೆ ಆ ದೋಷವಿಲ್ಲ. ಹಿಂದಿನ ಒಂದೆರಡು ದಿನಗಳ ಹಾರ್ಮೋನಿನ ಅಂಶ ಅದರಲ್ಲಿ ಉಳಿದಿರುತ್ತದೆ. ಆನೆ ದೂರ ಸರಿಯುವವರೆಗೆ ಕಾದು, ಕೈಗವಸು ತೊಟ್ಟು, ಮೂತ್ರ ತಾಗದ ಹಸಿ ಲದ್ದಿಯುಂಡೆಯನ್ನು ಬಿಡಿಸುತ್ತಾರೆ. ಹಾರ್ಮೋನು ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ನಾಲ್ಕಾರು ಕಡೆಯಿಂದ ತೆಗೆದು ಕಲಸುತ್ತಾರೆ. ಡಬ್ಬಿಯ ಮೇಲೆ ದಿನ, ಹೊತ್ತು, ಜಾಗ ಬರೆದು ಮಂಜುಗಡ್ಡೆಯ ಪೆಟ್ಟಿಗೆಗೆ ಸೇರಿಸುತ್ತಾರೆ. ಆಮೇಲೆ ಮೈನಸ್ 20 ಡಿಗ್ರಿಯ ಫ್ರೀಜರ್. ತಡವಾದರೆ ಬ್ಯಾಕ್ಟೀರಿಯಾ, ಬಿಸಿಲು, ಮಳೆ ಸೇರಿ ಮಾದರಿಯನ್ನು ಕೆಡಿಸುತ್ತವೆ.

ಹೀಗೆ ನೋಯಿಸದೆ ಅರಿಯುವ ಎಚ್ಚರಕ್ಕೆ ಜೈನರ ಅಹಿಂಸೆಯಲ್ಲೂ ನೆಲೆಯಿದೆ. ಹುಬ್ಬಳ್ಳಿ ಸಮೀಪದ ವರೂರಿನ ನವಗ್ರಹ ತೀರ್ಥದಲ್ಲಿ 61 ಅಡಿ ಎತ್ತರದ ಪಾರ್ಶ್ವನಾಥರ ಮೂರ್ತಿಯಿದೆ. ಈ ತೀರ್ಥಂಕರರು ಹಿಂದಿನ ಒಂದು ಜನ್ಮದಲ್ಲಿ ಆನೆಯಾಗಿದ್ದರೆನ್ನುತ್ತವೆ ಜೈನ ಪುರಾಣಗಳು. ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಇರುವ ಜೀವಗಳ ಸಾಲಿನಲ್ಲಿ ಜೈನ ದರ್ಶನ ಆನೆಯನ್ನು ಇಟ್ಟಿದೆ. ಮುನಿಗಳು ಮಲವಿಸರ್ಜನೆಗೂ ಜೀವಿಗಳಿಲ್ಲದ ನೆಲವನ್ನೇ ನೋಡಿಕೊಳ್ಳಬೇಕೆಂಬ ನಿಯಮ ಅಲ್ಲಿದೆ. ಅಹಿಂಸೆ ಅಷ್ಟು ಸಣ್ಣ ಸಂಗತಿಗೂ ಅನ್ವಯಿಸುವುದಾದರೆ, ಜ್ಞಾನ ಗಳಿಸುವ ದಾರಿಗೂ ಅನ್ವಯಿಸಲೇಬೇಕು.

ಆದರೆ ಹಾರ್ಮೋನು ನೋವಲ್ಲ, ನೋವಿನ ಕುರುಹು ಮಾತ್ರ. ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕರು ಹೀಗೆ ಕುರುಹಿನಿಂದ ಅರಿಯುವುದನ್ನು ಅನುಮಾನ ಪ್ರಮಾಣ ಎನ್ನುತ್ತಿದ್ದರು. ಓಟ, ಹಸಿವು, ಬೆದೆಯ ಉದ್ರೇಕ ಯಾವುದರಿಂದಲೂ ಹಾರ್ಮೋನು ಏರಬಹುದು.

ಊಹೆ ತಲೆಕೆಳಗಾಗುವುದೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಜೀತಾ ಶರ್ಮಾ ಪೋಖರೆಲ್, ರಾಮನ್ ಸುಕುಮಾರ್ ಮತ್ತಿತರರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಲಗದ್ದೆಗೆ ನುಗ್ಗುವ ಆನೆಗಳ ಲದ್ದಿಯಲ್ಲಿ ಒತ್ತಡದ ಹಾರ್ಮೋನಿನ ಅಂಶ ಕಾಡಿನ ಆನೆಗಳಿಗಿಂತ ಕಡಿಮೆಯಿತ್ತು. ಒಳ್ಳೆಯ ಮೇವು ಇದಕ್ಕೆ ಕಾರಣವಿರಬಹುದು ಎಂದರು ಅವರು. ಮನುಷ್ಯರ ನಡುವೆ ಬಂದ ಆನೆ ಹೆದರಿಯೇ ಇರುತ್ತದೆಂಬ ನಂಬಿಕೆಯನ್ನು ಲದ್ದಿ ಪ್ರಶ್ನಿಸಿತು. ಪರರ ದುಃಖವನ್ನು ನಮ್ಮ ಮನಸ್ಸಿಗೆ ತೋಚಿದಂತೆ ಬರೆದುಕೊಳ್ಳುವುದು ಕರುಣೆಯಲ್ಲ. ಸರಿಯಾಗಿ ವಿಚಾರಿಸಿ ತಿಳಿಯುವುದು ಕರುಣೆಯ ಮೊದಲ ಕರ್ತವ್ಯ.

ದಾಂಡೇಲಿ ಕಡೆಯ ಆನೆಗಳು ಕಲಘಟಗಿಯ ಭತ್ತದ ಗದ್ದೆಗಳಿಗೂ ಇಳಿಯುತ್ತವೆ. ಅಲ್ಲಿ ಬೆಳೆಹಾನಿಯ ಪಂಚನಾಮೆ ಬರೆಯಲು ಹೋದವರು ಲದ್ದಿಯ ಮಾದರಿಯನ್ನೂ ತರಲಿ. ರೈತರಿಗೆ ಪರಿಹಾರ ತಡವಾಗದಿರಲಿ, ಆನೆಯ ಸ್ಥಿತಿಯೂ ದಾಖಲೆಗೆ ಸೇರಲಿ.