ಒಳ್ಳೆಯ ಧಣಿಯ ಮರ್ಜಿ

ನಮ್ಮ ಮನೆಯ ಪ್ರಿಂಟರ್ ಮೂರು ವರ್ಷ ಹೇಳಿದ ಮಾತು ಕೇಳಿಕೊಂಡು ಮೂಲೆಯಲ್ಲಿತ್ತು. ಇಂಕ್ ಮುಗಿದಾಗ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಗೆ ಕಾರ್ಟ್ರಿಡ್ಜ್ ಒಯ್ದರೆ, ಅಂಗಡಿಯವನು ಅದರ ಚಿಪ್ ಬದಲಿಸಿ, ಸಿರಿಂಜಿನಲ್ಲಿ ಇಂಕ್ ತುಂಬಿ, ಹಳೆಯ ಬನಿಯನ್ ತುಂಡಿನಿಂದ ಮೂತಿ ಒರೆಸಿ ಕೊಡುತ್ತಿದ್ದ. ಒಂದು ರಾತ್ರಿ ಪ್ರಿಂಟರ್ ತಾನಾಗಿಯೇ ಇಂಟರ್ನೆಟ್‌ನಿಂದ ಅದೇನೋ ಅಪ್‌ಡೇಟ್ ಇಳಿಸಿಕೊಂಡಿತು. ಬೆಳಗ್ಗೆ ಎದ್ದು ನೋಡಿದರೆ ಕಿತ್ತಳೆ ದೀಪ ಮಿಣುಕುತ್ತಿದೆ; ಪುಟ್ಟ ಪರದೆಯ ಮೇಲೆ ‘ಈ ಕಾರ್ಟ್ರಿಡ್ಜ್ ನಡೆಯುವುದಿಲ್ಲ’ ಎಂಬ ಸೂಚನೆ. ಕಾರ್ಟ್ರಿಡ್ಜ್ ನಿನ್ನೆಯದೇ, ಒಳಗೆ ಅರ್ಧದಷ್ಟು ಇಂಕೂ ಇತ್ತು. ಅಕ್ಕನ ಮಗಳ ಹಾಲ್ ಟಿಕೆಟ್‌ಗೆ ಅವತ್ತು ಜೆರಾಕ್ಸ್ ಅಂಗಡಿಯೇ ಗತಿಯಾಯಿತು.

ಸಿಟ್ಟು ಎರಡು ದಿನಕ್ಕೆ ಇಳಿಯಿತು. ಇಳಿಯದೆ ಉಳಿದದ್ದು ಒಂದು ಪ್ರಶ್ನೆ. ಆ ಮೂರು ವರ್ಷ ಪ್ರಿಂಟರ್ ನಿಜಕ್ಕೂ ನನ್ನದಾಗಿತ್ತೆ? ಆ ರಾತ್ರಿ ನಾನು ಸ್ವಾತಂತ್ರ್ಯ ಕಳೆದುಕೊಂಡೆನೋ, ಅಥವಾ ಅದು ಮೊದಲಿನಿಂದಲೂ ಇರಲಿಲ್ಲ ಎನ್ನುವುದು ಗೊತ್ತಾಯಿತೋ?

ನಾವು ದಿನನಿತ್ಯ ಬಳಸುವ ಅರ್ಥದಲ್ಲಿ ಸ್ವಾತಂತ್ರ್ಯ ಎಂದರೆ ಯಾರೂ ಅಡ್ಡ ಬರದಿರುವುದು. ಬ್ರಿಟಿಷ್ ಚಿಂತಕ ಐಸಾಯ ಬರ್ಲಿನ್ 1958ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೊಟ್ಟ ಹೆಸರಾಂತ ಉಪನ್ಯಾಸದಲ್ಲಿ ಸ್ವಾತಂತ್ರ್ಯದ ಎರಡು ಬಗೆಗಳನ್ನು ಬೇರ್ಪಡಿಸಿದ. ಅವುಗಳಲ್ಲಿ ಮೊದಲನೆಯದು ಇದೇ: ನನ್ನ ದಾರಿಯಲ್ಲಿ ಬೇರೆಯವರು ಎಷ್ಟು ಬಾಗಿಲು ಮುಚ್ಚಿಲ್ಲವೋ ಅಷ್ಟು ನಾನು ಸ್ವತಂತ್ರ. ಈ ಲೆಕ್ಕ ಹಿಡಿದರೆ ಮೂರು ವರ್ಷ ನಾನು ಪೂರ್ತಿ ಸ್ವತಂತ್ರನಾಗಿದ್ದೆ. ಆ ರಾತ್ರಿ ಒಂದು ಬಾಗಿಲು ಮುಚ್ಚಿತು, ಅಷ್ಟೆ.

ಇದಕ್ಕಿಂತ ಹಳೆಯದಾದ ಇನ್ನೊಂದು ಲೆಕ್ಕವಿದೆ. ರೋಮನ್ ಕಾನೂನಿನಲ್ಲಿ ಗುಲಾಮನೆಂದರೆ ಇನ್ನೊಬ್ಬನ ಕೈವಶದಲ್ಲಿರುವವನು. ಒಡೆಯ ಹೊಡೆಯುತ್ತಾನೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಒಬ್ಬ ಗುಲಾಮನ ಒಡೆಯ ದೇವರಂಥವನು ಎಂದುಕೊಳ್ಳಿ. ಚಾಟಿ ಎತ್ತಿದವನಲ್ಲ, ಹೊಟ್ಟೆ ತುಂಬ ಊಟ, ಹಬ್ಬಕ್ಕೆ ಬಟ್ಟೆ. ‘ಅಡ್ಡ ಬರದಿರುವುದೇ ಸ್ವಾತಂತ್ರ್ಯ’ ಎನ್ನುವವರ ಪ್ರಕಾರ ಇವನು ಸ್ವತಂತ್ರನೇ ಆಗಬೇಕು. ಆದರೆ ಯಾರಿಗೂ ಹಾಗೆನ್ನಿಸುವುದಿಲ್ಲ. ನಾಳೆ ಬೆಳಗ್ಗೆ ಒಡೆಯನ ಮನಸ್ಸು ತಿರುಗಬಹುದು, ಅವನು ಸತ್ತು ಮಗ ಪಟ್ಟಕ್ಕೆ ಬರಬಹುದು. ಗುಲಾಮನಿಗೆ ಇದು ಗೊತ್ತು. ಗೊತ್ತಿರುವುದರಿಂದಲೇ ಅವನು ದಿನವೂ ಒಡೆಯನ ಮುಖ ನೋಡಿಕೊಂಡು ಮಾತಾಡುತ್ತಾನೆ.

ಐರ್ಲೆಂಡ್‌ನಲ್ಲಿ ಹುಟ್ಟಿದ ತತ್ತ್ವಜ್ಞಾನಿ ಫಿಲಿಪ್ ಪೆಟಿಟ್ 1997ರ ತನ್ನ ‘ರಿಪಬ್ಲಿಕನಿಸಂ’ ಪುಸ್ತಕದಲ್ಲಿ ಈ ಹಳೆಯ ಲೆಕ್ಕಕ್ಕೆ ಮತ್ತೆ ಜೀವ ಕೊಟ್ಟ. ಮುಂದೆ ಸಾಮಾನ್ಯ ಓದುಗರಿಗೆಂದು ಬರೆದ ಪುಸ್ತಕದಲ್ಲಿ ಅವನು ಹಿಡಿದುಕೊಂಡ ಉದಾಹರಣೆ ಇಬ್ಸೆನ್ನನ 1879ರ ನಾಟಕ ‘ಎ ಡಾಲ್ಸ್ ಹೌಸ್’. ನಾಯಕಿ ನೋರಾಳ ಗಂಡನಿಗೆ ಅವಳೆಂದರೆ ಪ್ರಾಣ. ಅವಳು ಕೇಳಿದ್ದಕ್ಕೆ ಅವನು ಇಲ್ಲವೆನ್ನುವುದು ಕಡಿಮೆ. ಬೇಡವೆಂದಿರುವ ಸಣ್ಣ ಸಂಗತಿಯೊಂದು ಮ್ಯಾಕರೂನ್ ಎಂಬ ಸಿಹಿ ಬಿಸ್ಕತ್ತು. ನಾಟಕ ಶುರುವಾಗುವಾಗ ನೋರಾ ಕದ್ದು ಎರಡು ಬಾಯಿಗೆ ಹಾಕಿಕೊಂಡು, ಪೊಟ್ಟಣ ಜೇಬಿಗಿಳಿಸಿ, ಬಾಯಿ ಒರೆಸಿಕೊಳ್ಳುತ್ತಾಳೆ. ಬಿಸ್ಕತ್ತು ಅವಳಿಗೆ ಸಿಕ್ಕಿತಲ್ಲ, ಇನ್ನೇನು ಎನ್ನಬಹುದು. ನನಗೆ ಮುಖ್ಯವಾಗಿ ಕಾಣುವುದು ಆ ಬಾಯಿ ಒರೆಸಿಕೊಳ್ಳುವಿಕೆ.

ಹೀಗೆ ಇನ್ನೊಬ್ಬರ ಕೈವಶದಲ್ಲಿ ಇರದಿರುವುದಕ್ಕೆ ಪೆಟಿಟ್ ಒಂದು ಪಾರಿಭಾಷಿಕ ಪದ ಕಟ್ಟಿದ್ದಾನೆ. ನಮಗೆ ಅದರ ಅನುವಾದವೇ ಬೇಕಿಲ್ಲ. ‘ಅವರ ಮರ್ಜಿ’ ಎಂದೂ ‘ಯಾರ ಹಂಗೂ ಇಲ್ಲ’ ಎಂದೂ ನಾವು ಹೇಳುತ್ತಲೇ ಬಂದಿದ್ದೇವೆ. ಮರ್ಜಿ ಎಂದರೆ ಬರೀ ಅಧಿಕಾರವಲ್ಲ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಇಚ್ಛೆ. ಅಂಥ ಇಚ್ಛೆಯ ನೆರಳಿನಲ್ಲಿ ಬದುಕುವುದು ಹಂಗು. ಗೇಣಿ ಪದ್ಧತಿ ಕಂಡ ಮಲೆನಾಡಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ರೈತರು ಸತ್ಯಾಗ್ರಹಕ್ಕೆ ಇಳಿದಾಗ ಜಗಳದ ನಡುವೆ ಇದ್ದದ್ದು ಕೊಳಗ: ಗೇಣಿಯ ಭತ್ತ ಅಳೆಯುವ ಅಳತೆ. ಒಳ್ಳೆಯ ಧಣಿ ಸರಿಯಾಗಿಯೇ ಅಳೆಸುತ್ತಿದ್ದಿರಬಹುದು. ಆದರೆ ಕೊಳಗ ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸುವವನು ಧಣಿ. ನೆಲ ಬಿಡು ಎಂದರೆ ಬಿಡಬೇಕಾದವನು ಗೇಣಿದಾರ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಧಣಿಗಳಿಗೆ ಒಳ್ಳೆಯವರಾಗಿ ಎಂದು ಬುದ್ಧಿ ಹೇಳಲಿಲ್ಲ. ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಲು ಹೊರಟಿತು.

ಈಗ ಕಂಪ್ಯೂಟರಿಗೆ ಬನ್ನಿ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ, ತನ್ನ ಕಿಂಡಲ್ ಓದುಯಂತ್ರಕ್ಕೆ ಜನ ದುಡ್ಡು ಕೊಟ್ಟು ಇಳಿಸಿಕೊಂಡಿದ್ದ ಕೆಲವು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಅವುಗಳನ್ನು ಮಾರಿದವರಿಗೆ ಮಾರುವ ಹಕ್ಕಿರಲಿಲ್ಲ ಎಂಬುದು ಕಾರಣ. ಆ ಪುಸ್ತಕಗಳಲ್ಲೊಂದು ಆರ್ವೆಲ್‌ನ ‘1984’. ಕಂಪನಿ ದುಡ್ಡು ವಾಪಸ್ ಕೊಟ್ಟಿತು, ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದ. ಧಣಿ ಸಜ್ಜನ, ಒಪ್ಪೋಣ. ಆದರೆ ಆ ಕ್ಷಮೆಯಾಚನೆಯಿಂದಲೇ ನಿಮ್ಮ ಕಪಾಟಿನ ಕೀಲಿ ಯಾರ ಸೊಂಟದಲ್ಲಿದೆ ಎಂಬುದು ಬಯಲಾಯಿತು. ಹಾಗೆಯೇ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಇರಬೇಕು. ಅದಕ್ಕೆ ತಾಂತ್ರಿಕ ಕಾರಣಗಳಿಲ್ಲವೆಂದಲ್ಲ. ಕಾರಣ ಸಾಲದು ಎಂದು ಅನ್ನಿಸಿದವನಿಗೆ ಅಲ್ಲಿ ಮಾಡಲು ಏನೂ ಇಲ್ಲ ಎನ್ನುವುದಷ್ಟೇ ನನ್ನ ತಕರಾರು.

ಸ್ವತಂತ್ರ ತಂತ್ರಾಂಶದ ಚಳವಳಿಯ ಬೇರಿನಲ್ಲೂ ಒಂದು ಪ್ರಿಂಟರ್ ಇದೆ ಎಂದು ತಿಳಿದಾಗ ನನಗೆ ಸಮಾಧಾನವಾಗಿತ್ತು. ಸುಮಾರು 1980ರಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರ್‌ಗಾದರೆ ರಿಚರ್ಡ್ ಸ್ಟಾಲ್‌ಮನ್ ಎಂಬ ಪ್ರೋಗ್ರಾಮರ್, ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆಲ್ಲ ಸುದ್ದಿ ಮುಟ್ಟುವ ಹಾಗೆ ತಂತ್ರಾಂಶ ತಿದ್ದಿದ್ದ. ಹೊಸದಕ್ಕೆ, ತಿದ್ದಲು ಬೇಕಾದ ಮೂಲ ಕೋಡ್ ಕೊಟ್ಟಿರಲಿಲ್ಲ. ಕೋಡ್ ಇಟ್ಟುಕೊಂಡಿದ್ದ ಸಂಶೋಧಕನೊಬ್ಬನನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಡು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದುಬಿಟ್ಟ. 1983ರಲ್ಲಿ ಸ್ಟಾಲ್‌ಮನ್ ಸ್ವತಂತ್ರ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಘೋಷಿಸಿದ. ಪ್ರೋಗ್ರಾಂ ಓಡಿಸಲು, ಒಳಗಿಣುಕಿ ತಿದ್ದಲು, ಪ್ರತಿ ಮಾಡಿ ಹಂಚಲು, ತಿದ್ದಿದ್ದನ್ನೂ ಹಂಚಲು ಎಲ್ಲರಿಗೂ ಅನುಮತಿ ಕೊಡುವ ಅವನ ಜಿಪಿಎಲ್ ಲೈಸೆನ್ಸ್ 1989ರಲ್ಲಿ ಬಂತು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ತನ್ನ 386 ಕಂಪ್ಯೂಟರಿಗಾಗಿ ಬರೆದ ಲಿನಕ್ಸ್ ಎಂಬ ಕರ್ನಲ್, ಅಂದರೆ ಕಂಪ್ಯೂಟರ್ ನಡೆಸುವ ತಂತ್ರಾಂಶದ ತಿರುಳು, ಮರುವರ್ಷ ಅದೇ ಲೈಸೆನ್ಸಿಗೆ ಬಂತು. ಇಂಥ ಸ್ವತಂತ್ರ ತಂತ್ರಾಂಶವನ್ನು ಬಿಟ್ಟಿ ಸಿಗುವ ಸಾಮಾನು ಎಂದು ಇಂಗ್ಲಿಷಿನವರು ಎಡವಬಹುದು, ಎರಡಕ್ಕೂ ಅವರಲ್ಲಿ ‘ಫ್ರೀ’ ಎಂಬ ಒಂದೇ ಪದ. ಪುಕ್ಕಟೆಯೇ ಬೇರೆ, ಸ್ವತಂತ್ರವೇ ಬೇರೆ ಎಂದು ಬಲ್ಲ ನಾವು ಎಡವಬೇಕಿಲ್ಲ.

ಇಲ್ಲಿ ಗೆಳೆಯರೆಲ್ಲ ಕೇಳುವ ಪ್ರಶ್ನೆಯೊಂದಿದೆ: ‘ನೀನು ಕರ್ನಲ್ ಕೋಡ್ ಓದಿದ್ದೀಯಾ?’ ಇಲ್ಲ. ಕೋಟಿಗಟ್ಟಲೆ ಸಾಲು, ಓದಿದರೂ ತಲೆಗೆ ಹತ್ತುವುದಿಲ್ಲ. ಆದರೆ ಹಂಗಿಲ್ಲದಿರುವುದೆಂದರೆ ಎಲ್ಲವನ್ನೂ ಸ್ವಂತ ಕೈಯಲ್ಲಿ ಮಾಡಿಕೊಳ್ಳುವುದಲ್ಲ. ಬಾವಿ ತೋಡುವುದು ನನಗೆ ಬರದು. ಒಬ್ಬನೇ ನೀರಿನವನ ಬಾಯಿ ನೋಡುವ ಸ್ಥಿತಿ ಇರಬಾರದು, ಅಷ್ಟೆ. ಲಿನಕ್ಸ್ ಕರ್ನಲ್ ವಿಷಯದಲ್ಲಿ ಟೊರ್ವಾಲ್ಡ್ಸ್ ಮಾತೇ ಕೊನೆಯ ಮಾತು, ಅವನ ಬಾಯಿಯೂ ಕೆಟ್ಟದ್ದೆಂದು ಹೆಸರಾಗಿತ್ತು. ಆದರೂ ಅವನು ಧಣಿಯಲ್ಲ. ಅವನ ದಾರಿ ಸರಿಬೀಳದಿದ್ದರೆ ಪೂರ್ತಿ ಕೋಡ್ ಹೊತ್ತುಕೊಂಡು ಬೇರೆ ಒಲೆ ಹೂಡಬಹುದು, ಅವನು ತಡೆಯುವಂತಿಲ್ಲ. ಗೇಣಿದಾರ ಹೊಲವನ್ನು ಸುತ್ತಿ ಬಗಲಿಗಿಟ್ಟುಕೊಂಡು ಹೊರಡಬಹುದಾಗಿದ್ದರೆ ಧಣಿಯ ದನಿ ಎಷ್ಟು ಮೆತ್ತಗಾಗುತ್ತಿತ್ತು, ಯೋಚಿಸಿ.

ಕನ್ನಡದವರು ಈ ಹಂಗನ್ನು ಚೆನ್ನಾಗಿ ಉಂಡಿದ್ದೇವೆ. ಯೂನಿಕೋಡ್ ನೆಲೆಯೂರುವ ಮುಂಚೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಅಕ್ಷರ ಸಂಕೇತ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಇಡೀ ಲೇಖನ ರೋಮನ್ ಅಕ್ಷರಗಳ ಚಿತ್ರಾನ್ನ. ಬರೆದವನು ನಾನೇ, ನನ್ನ ಬರಹ ನನಗೇ ಓದಲು ಸಿಗದು. ಇವತ್ತು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಸ್ವತಂತ್ರ ಕನ್ನಡ ಫಾಂಟ್‌ಗಳು ಸಿಗುತ್ತವೆ. ಒಂದು ಒತ್ತಕ್ಷರ ಸೊಟ್ಟಗೆ ಕಂಡರೆ ಗೊತ್ತಿರುವವರು ಯಾರು ಬೇಕಾದರೂ ತಿದ್ದಬಹುದು, ಅನುಮತಿ ಕೇಳಬೇಕಿಲ್ಲ.

ಪೆಟಿಟ್ ಇನ್ನೂ ಒಂದು ಸೂಕ್ಷ್ಮ ಹೇಳುತ್ತಾನೆ. ಅಡ್ಡ ಬರುವುದೆಲ್ಲ ದಾಸ್ಯವಲ್ಲ. ನನ್ನ ಹತೋಟಿಯಲ್ಲಿರುವ ತಡೆ ನನ್ನ ಸ್ವಾತಂತ್ರ್ಯಕ್ಕೆ ಭಂಗವಲ್ಲ. ಕುಡಿತ ಬಿಡಬೇಕೆಂದವನು ಬೀರುವಿನ ಕೀಲಿ ಹೆಂಡತಿಗೆ ತಾನೇ ಕೊಟ್ಟು, ನಾಳೆಯವರೆಗೆ ಬೇಡಿದರೂ ಕೊಡಬೇಡ ಎಂದರೆ ಅವನು ಗುಲಾಮನಾಗುವುದಿಲ್ಲ. ನನ್ನ ಡೆಬಿಯನ್ ಯಂತ್ರವೂ ಅಪ್‌ಡೇಟ್ ಮಾಡಿಕೊಳ್ಳುತ್ತದೆ. ಆಜ್ಞೆ ಕೊಟ್ಟರೆ, ಏನೇನು ಬದಲಾಗುತ್ತದೆ, ಎಷ್ಟು ಎಂಬಿ ಇಳಿಯುತ್ತದೆ ಎಂದು ಪಟ್ಟಿ ತೋರಿಸಿ, ಮುಂದುವರಿಯಲೇ ಎಂದು ಕೇಳಿ, ವೈ ಅಥವಾ ಎನ್ ಒತ್ತುವವರೆಗೆ ಕರ್ಸರ್ ಮಿಟುಕಿಸುತ್ತ ಕಾಯುತ್ತದೆ. ಹೆಚ್ಚಿನ ಸಲ ಪಟ್ಟಿ ಓದದೆಯೇ ವೈ ಒತ್ತುತ್ತೇನೆ. ಆದರೂ ಅದು ಕೇಳುತ್ತದೆ.

ಲಿನಕ್ಸ್ ಹಾಕಿಕೊಂಡರೆ ಹಂಗು ಹರಿಯಿತು ಎನ್ನುವ ಹುಮ್ಮಸ್ಸಿನವರನ್ನು ಕಂಡರೆ ಮಾತ್ರ ನನಗೆ ಅನುಮಾನ. ನಿಮ್ಮ ಆಂಡ್ರಾಯ್ಡ್ ಫೋನಿನೊಳಗೆ ಇರುವುದೂ ಲಿನಕ್ಸ್ ಕರ್ನಲ್ಲೇ. ಅದನ್ನು ತಿದ್ದಿ ಹಾಕಲು ಹೋದರೆ ಎಷ್ಟೋ ಫೋನುಗಳಲ್ಲಿ ವ್ಯವಸ್ಥೆಯನ್ನು ಶುರುಮಾಡುವ ಬೂಟ್‌ಲೋಡರಿನ ಬಾಗಿಲೇ ತೆರೆಯುವುದಿಲ್ಲ. ಟಿವೊ ಎಂಬ, ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುತ್ತಿದ್ದ ಅಮೆರಿಕದ ಪೆಟ್ಟಿಗೆ ಈ ಉಪಾಯಕ್ಕೆ ಹೆಸರುವಾಸಿ. ಲಿನಕ್ಸ್ ಬಳಸಿತು, ಲೈಸೆನ್ಸಿನ ಪ್ರಕಾರ ಕೋಡನ್ನೂ ಕೊಟ್ಟಿತು. ತಿದ್ದಿದ ಕೋಡ್ ಮಾತ್ರ ಆ ಪೆಟ್ಟಿಗೆಯಲ್ಲಿ ಓಡುತ್ತಿರಲಿಲ್ಲ. 2007ರಲ್ಲಿ ಬಂದ ಜಿಪಿಎಲ್‌ನ ಮೂರನೆಯ ಆವೃತ್ತಿ ಈ ಕಿಂಡಿಯನ್ನು ಮುಚ್ಚಲು ನೋಡಿತು. ಅದನ್ನು ಒಪ್ಪದವರಲ್ಲಿ ಪ್ರಮುಖ ಟೊರ್ವಾಲ್ಡ್ಸ್. ಕೋಡ್ ತಿರುಗಿ ಕೊಟ್ಟರೆ ಸಾಕು, ಯಂತ್ರ ಮಾಡಿದವನು ಅದಕ್ಕೆ ಬೀಗ ಹಾಕಿಕೊಂಡರೆ ನಮಗೇನು ಎನ್ನುವುದು ಅವನ ನಿಲುವು. ಕರ್ನಲ್ ಇವತ್ತಿಗೂ ಎರಡನೆಯ ಆವೃತ್ತಿಯಲ್ಲೇ ಇದೆ. ನಾನು ಈ ವಿಷಯದಲ್ಲಿ ಕಿಂಡಿ ಮುಚ್ಚಬೇಕೆಂದ ಸ್ಟಾಲ್‌ಮನ್ ಕಡೆ. ಬಿತ್ತನೆ ಬೀಜ ಕೊಟ್ಟು ಹೊಲಕ್ಕೆ ಬೇಲಿ ಹಾಕಿದರೆ ಏನು ಬಂತು?

ಬೇಲಿ ಇನ್ನೂ ಆಳಕ್ಕಿದೆ. ಸುಮಾರು 2008ರಿಂದೀಚೆ ಇಂಟೆಲ್ ಚಿಪ್‌ಸೆಟ್‌ಗಳ ಒಳಗೆ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಪ್ರತ್ಯೇಕ ಪುಟ್ಟ ಕಂಪ್ಯೂಟರೇ ಇರುತ್ತದೆ. ಮೇಲೆ ಲಿನಕ್ಸ್ ಇರಲಿ, ವಿಂಡೋಸ್ ಇರಲಿ, ಅದರ ಕೆಲಸ ಅದಕ್ಕೆ. 2017ರಲ್ಲಿ ತಜ್ಞರು ಕೆದಕಿದಾಗ ಅದರಲ್ಲಿ ಓಡುತ್ತಿದ್ದದ್ದು ಮಿನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಎಂದು ಗೊತ್ತಾಯಿತು. ಟೊರ್ವಾಲ್ಡ್ಸ್ ವಿದ್ಯಾರ್ಥಿಯಾಗಿದ್ದಾಗ ಬಳಸಿ, ಸಾಲದೆನಿಸಿ, ಲಿನಕ್ಸ್ ಬರೆಯಲು ಹೊರಟದ್ದು ಅದೇ ಮಿನಿಕ್ಸ್‌ನ ಹಳೆಯ ಆವೃತ್ತಿ ಬಿಟ್ಟು. ನಾವು ಮಹಡಿ ನಮ್ಮದೆಂದು ಬೀಗುತ್ತಿರುವಾಗ ನೆಲಮಾಳಿಗೆಯಲ್ಲಿ ಬೇರೆ ಯಾರೋ ಬಿಡಾರ ಹೂಡಿದ್ದಾರೆ.

ಹಂಗಿಲ್ಲದ ಬದುಕಿಗೆ ಕಾವಲೂ ಬೇಕು, ಕಾವಲಿನವರಲ್ಲಿ ಎಷ್ಟೋ ಜನಕ್ಕೆ ಸಂಬಳವಿಲ್ಲ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ತನ್ನ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎನ್ನಿಸಿತು. ಬೆನ್ನು ಹತ್ತಿ ನೋಡಿದರೆ, ಬಹುಪಾಲು ಲಿನಕ್ಸ್ ವ್ಯವಸ್ಥೆಗಳಲ್ಲಿ ಇರುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದಲ್ಲಿ ಕಳ್ಳಬಾಗಿಲು. ಅದನ್ನು ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದ ಒಬ್ಬನೇ ಒಬ್ಬನ ದಣಿವನ್ನು ಬಳಸಿಕೊಂಡು, ಸುಳ್ಳು ಹೆಸರಿನವನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯಕನಂತೆ ಬೆರೆತು ಅದನ್ನು ತುರುಕಿದ್ದ. ಕೋಡ್ ತೆರೆದಿದ್ದರಿಂದ ಸಿಕ್ಕಿತು, ನಿಜ. ಒಬ್ಬನ ಅರ್ಧ ಸೆಕೆಂಡಿನ ಅಸಹನೆಯಿಂದ ಸಿಕ್ಕಿತು ಎನ್ನುವುದೂ ಅಷ್ಟೇ ನಿಜ.

ಕಳೆದ ವರ್ಷ ಅಕ್ಕನ ಮಗಳಿಗೆ ನನ್ನ 2014ರ ಲ್ಯಾಪ್‌ಟಾಪ್ ಕೊಟ್ಟೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಸ್‌ಎಸ್‌ಡಿ ಕೊಂಡು, ಸಡಿಲಗೊಂಡ ಕೀಲು ಬಿಗಿ ಮಾಡಿಸಿ, ಲಿನಕ್ಸ್ ಹಾಕಿಕೊಟ್ಟಿದ್ದೆ. ಚೆನ್ನಾಗಿ ಓಡುತ್ತಿತ್ತು. ಹೊಸದೇನಾದರೂ ಹಾಕಿಕೊಳ್ಳಬೇಕಾದರೆ ಅವಳು ಮಹಡಿ ಇಳಿದು ಬರುತ್ತಿದ್ದಳು, ಸಾಮಾನ್ಯವಾಗಿ ಸಂಜೆ, ನಾನು ಕಾಫಿ ಕುಡಿದ ಮೇಲೆ. ನಾನು ಒಮ್ಮೆಯೂ ಇಲ್ಲವೆಂದವನಲ್ಲ. ಮೊನ್ನೆ ಈ ನೋರಾಳ ಕತೆಯನ್ನೇ ಹೇಳುತ್ತಿದ್ದೆ. ಬಿಸ್ಕತ್ತಿನ ಭಾಗಕ್ಕೆ ಬಂದಾಗ ಅವಳು ಕೇಳಿದಳು:

‘ಮಾಮ, ನನ್ನ ಲ್ಯಾಪ್‌ಟಾಪ್‌ಗೆ ಏನಾದ್ರೂ ಹಾಕ್ಬೇಕಾದ್ರೆ ನಿನ್ನ ಪಾಸ್‌ವರ್ಡ್ ಯಾಕೆ ಬೇಕು?’

ನೀನು ಏನಾದರೂ ಕೆಡಿಸಿಕೊಂಡೀಯ ಅಂತ, ಎನ್ನಲು ಹೋಗಿ ಸುಮ್ಮನಾದೆ. ಅವಳೂ ಕಾಫಿಯ ಹೊತ್ತು ನೋಡಿಕೊಂಡು ಬರುತ್ತಿದ್ದಳಲ್ಲ ಎನ್ನುವುದು ಆಗ ಹೊಳೆಯಿತು.

ಲ್ಯಾಪ್‌ಟಾಪ್ ತರಿಸಿ ಅವಳ ಖಾತೆಯನ್ನು, ಯಂತ್ರದ ಮೇಲೆ ಪೂರ್ತಿ ಅಧಿಕಾರವಿರುವ ಸುಡೋ ಗುಂಪಿಗೆ ಸೇರಿಸಿದೆ. ‘ಏನನ್ನ ಸುಡೋದು?’ ಎಂದು ನಕ್ಕಳು. ಇನ್ನು ನನ್ನ ಖಾತೆ ಅಳಿಸಬೇಕಿತ್ತು. ಆ ಆಜ್ಞೆಯನ್ನು ಅವಳ ಕೈಯಲ್ಲೇ ಟೈಪ್ ಮಾಡಿಸಿದೆ. ಯಂತ್ರ ಅವಳ ಪಾಸ್‌ವರ್ಡ್ ಕೇಳಿತು. ಅವಳು ಬೆರಳು ಕೀಲಿಮಣೆಯ ಮೇಲಿಟ್ಟುಕೊಂಡು ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.